ನೀರುಮನೆಯ ಸೊಸೆ

ನಮ್ಮೂರಲ್ಲಿ ಯಾರ ಬಾವಿಯ ನೀರೂ ಅವರವರ ಹೊಲಕ್ಕೆ ಇಳಿಯುವುದಿಲ್ಲ. ಕುಡಿಯಬಹುದು, ಬಟ್ಟೆ ಒಗೆಯಬಹುದು, ದನಕ್ಕೆ ಇಡಬಹುದು, ಅಂಗಳಕ್ಕೆ ಚಿಮುಕಿಸಬಹುದು. ಹೊಲಕ್ಕೆ ಬಿಟ್ಟರೆ ಮಾತ್ರ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಉಂಡೆಯುಂಡೆಯಾಗಿ ಉರುಳಿ, ಬದು ದಾಟಿ ಹಳ್ಳ ಸೇರುತ್ತದೆ. ಕೆಳಗಿನ ಮಣ್ಣು ಒಣಗಿದ್ದದ್ದು ಒಣಗಿದಂತೆಯೇ ಇರುತ್ತದೆ. ಆದ್ದರಿಂದ ನಮ್ಮ ಹೊಲಕ್ಕೆ ಇನ್ನೊಬ್ಬರ ಬಾವಿ, ಅವರ ಹೊಲಕ್ಕೆ ನಮ್ಮ ಬಾವಿ. ಹೀಗೆ ಜೊತೆಯಾದ ಎರಡು ಮನೆಗಳು ಒಂದಕ್ಕೊಂದು ನೀರುಮನೆ.

ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗಿದು ಒಗ್ಗಲೇ ಇಲ್ಲ. ನಮ್ಮ ಮೆಣಸಿನ ಗಿಡಗಳು ತಲೆ ಬಗ್ಗಿಸಿಕೊಂಡು ನಿಂತಿದ್ದರೆ ನಮ್ಮ ಮೋಟಾರು ನಮ್ಮ ನೀರುಮನೆಯ ಹನುಮಂತರಾಯಪ್ಪನವರ ಕಡಲೆಕಾಯಿಗೆ ದಬದಬ ನೀರು ಸುರಿಯುತ್ತಿತ್ತು. ಒಂದು ದಿನ ಯಾರೂ ಇಲ್ಲದಾಗ ಕಾಲುವೆಗೆ ಹೆಂಟೆ ಅಡ್ಡ ಇಟ್ಟು ನೀರನ್ನು ನಮ್ಮ ಮಡಿಗೇ ತಿರುಗಿಸಿದೆ. ಅದು ಗಿಡಗಳ ಬುಡ ಬಿಟ್ಟು, ನನ್ನ ಕಾಲ್ಬೆರಳುಗಳ ಸಂದಿಯಿಂದ ಪಾದರಸದ ಹಾಗೆ ಜಾರಿಕೊಂಡು ಓಡಿಹೋಯಿತು. ಬದುವಿನ ಮೇಲೆ ನಮ್ಮ ಮನೆಯವರು ನಿಂತಿದ್ದು ಆಮೇಲೆ ಕಂಡಿತು. ಬಯ್ಯಲಿಲ್ಲ. "ನಮ್ಮ ತುತ್ತು ನಾವೇ ಬಾಯಿಗೆ ಇಟ್ಕೊಳ್ಳೋದು ಮನುಷ್ಯರಿಗೆ ಬರ್ತದೆ, ಪಾಲಮ್ಮ. ಹೊಲಕ್ಕೆ ಬರಲ್ಲ," ಎಂದರು. ಮಣ್ಣು ಪರೀಕ್ಷೆಯವರು ಒಮ್ಮೆ ಜೀಪಿನಲ್ಲಿ ಬಂದು, ಡಬ್ಬಿಗಳಲ್ಲಿ ಮಣ್ಣು ತುಂಬಿಕೊಂಡು, ನಮ್ಮನೆಯಲ್ಲೇ ಮಜ್ಜಿಗೆ ಕುಡಿದು ಹೋದರು. ಮತ್ತೆ ಬರಲಿಲ್ಲ. ನಾವೂ ಕೇಳಲಿಲ್ಲ, ಕಳೆ ತೆಗೆಯುವುದಿತ್ತು.

ತನ್ನವರು ಯಾರು, ಬೇರೆಯವರು ಯಾರು ಎನ್ನುವುದು ಮಾತ್ರ ಈ ಮಣ್ಣಿಗೆ ನಮಗಿಂತ ಚೆನ್ನಾಗಿ ಗೊತ್ತು. ಗಿಡ್ಡಪ್ಪ ಮತ್ತವನ ತಮ್ಮ ಪಾಲಾಗಿ ಒಬ್ಬರಿಗೊಬ್ಬರು ನೀರುಮನೆ ಆಗೋಣವೆಂದುಕೊಂಡಿದ್ದರು. ಪತ್ರವಾಯಿತು, ನಡುಮನೆಯಲ್ಲಿ ಗೋಡೆ ಎದ್ದಿತು, ಎರಡು ಒಲೆ ಹೂಡಿದರು. ಆದರೂ ನೀರು ಉರುಳಿಯೇ ಹೋಯಿತು. ತಮ್ಮನಾದವನು ಹೊಲದಿಂದ ಬಂದವನೇ ಅಣ್ಣನ ಅಡುಗೆಮನೆಗೆ ನುಗ್ಗಿ, ಯಾರನ್ನೂ ಕೇಳದೆ ಗಡಿಗೆಯ ಮುಚ್ಚಳ ತೆಗೆದು, ಇದ್ದದ್ದನ್ನು ಉಂಡು ಹೋಗುತ್ತಿದ್ದನಂತೆ. ಅದು ಇರುವ ತನಕ ಪತ್ರವನ್ನು ಮಣ್ಣು ಲೆಕ್ಕಕ್ಕೆ ಇಡಲಿಲ್ಲ. ಕೊನೆಗೆ ತಾಯಿಯ ತಿಥಿಯ ದಿನ, ವಡೆ ಮೊದಲು ಯಾರ ಎಲೆಗೆ ಬಿತ್ತು ಎನ್ನುವ ಮಾತಿಗೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟರು. ಆಮೇಲೆ ಕಟ್ಟಿದ ನೀರು ಗಟಗಟ ಇಳಿಯಿತು. ಹೊಲ ನೆನೆಯುವುದನ್ನು ನೋಡುತ್ತಾ ಗಿಡ್ಡಪ್ಪ ಬದುವಿನ ಮೇಲೆ ಕೂತು ಅತ್ತನಂತೆ.

ಇದೆಲ್ಲ ಗೊತ್ತಿದ್ದ ಊರಿನಲ್ಲಿ ನೀರುಮನೆಗೆ ಹೆಣ್ಣು ಕೊಡುವವರು ಯಾರೂ ಇರಲಿಲ್ಲ. ಕೊಟ್ಟು ತಂದರೆ ಎರಡು ಮನೆ ಒಂದಾಗುತ್ತದೆ, ಒಂದಾದರೆ ಎರಡು ಹೊಲವೂ ಒಣಗುತ್ತವೆ. ನಮ್ಮ ಮಗಳು ವನಜಾಕ್ಷಿಗೂ ಇದು ಹಾಲು ಕುಡಿಯುವಾಗಿನಿಂದ ಗೊತ್ತು. ಆದರೂ ಅವಳ ಮನಸ್ಸು ಹೋಗಿದ್ದು ಹನುಮಂತರಾಯಪ್ಪನವರ ಮಗ ರಂಗಧಾಮನ ಮೇಲೇ.

ತಪ್ಪು ಅವರದಲ್ಲ, ನೀರು ಕಟ್ಟುವ ಕೆಲಸವೇ ಹಾಗಿತ್ತು. ನಮ್ಮ ಹೊಲಕ್ಕೆ ಬರುವುದು ಅವರ ಬಾವಿಯ ನೀರು. ಕರೆಂಟು ಬಂದಾಗ ಅಲ್ಲಿ ಮೋಟಾರು ಹಾಕುವವನು ರಂಗಧಾಮ. ಇಲ್ಲಿ ಮಡಿಯಿಂದ ಮಡಿಗೆ ನೀರು ತಿರುಗಿಸುವವಳು ವನಜ. ನಡುವೆ ಜಾಲಿ ಬೆಳೆದ ಒಂದು ದಿಬ್ಬ, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅವನು "ಬಂತಾ?" ಎಂದು ಕೂಗಬೇಕು, ಇವಳು "ಬಂತು" ಎನ್ನಬೇಕು. "ಸಾಕಾ?" ಎಂದರೆ "ಇನ್ನೊಂದು ಮಡಿ" ಎನ್ನಬೇಕು. ಒಂದು ಬೆಳೆ ಕಳೆಯುವಷ್ಟರಲ್ಲಿ "ಬಂತಾ?" ಜೊತೆಗೆ "ಉಂಡ್ಯಾ?" ಸೇರಿತು. ಇನ್ನೊಂದು ಬೆಳೆಗೆ ನಮ್ಮ ಹುಡುಗಿ ನೀರು ಕಾಲಡಿಗೆ ಬಂದು ನಿಂತಿದ್ದರೂ "ಬರ್ಲಿಲ್ಲ" ಎಂದು ಕೂಗತೊಡಗಿದಳು. ಎಲ್ಲಿ ಒಡೆದಿದೆಯೋ ನೋಡಲು ಅವನು ಕಾಲುವೆಯ ಗುಂಟ ಬರಲೇಬೇಕಾಗುತ್ತಿತ್ತು. ನಾನು ಅಲ್ಲೇ ಕಳೆ ಕೀಳುತ್ತಿದ್ದೆ. ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಕೊನೆಗೆ ಎರಡೂ ಮನೆಯವರು ನಮ್ಮ ಪಡಸಾಲೆಯಲ್ಲಿ ಕೂತೆವು. ಹನುಮಂತರಾಯಪ್ಪನವರು ಎಂಥ ಕಷ್ಟದಲ್ಲೂ ತಮಾಷೆ ಬಿಡದ ಮನುಷ್ಯ. "ಬ್ಯಾರೆ ಹೆಣ್ಣು ತಂದ್ರೆ ಹುಡುಗ ಉಣ್ಣಲ್ಲ ಅಂತಾನೆ. ಈ ಹೆಣ್ಣು ತಂದ್ರೆ ಹೊಲ ಉಣ್ಣಲ್ಲ. ನಾನು ಯಾರಿಗೆ ಬಡಿಸ್ಲಿ ಹೇಳು, ಪಾತಲಿಂಗಪ್ಪ," ಎಂದರು. ನಮ್ಮ ಮನೆಯವರು ಬೇರೆ ನೀರುಮನೆ ನೋಡಿಕೊಳ್ಳೋಣ ಎಂದರು. ಯಾರನ್ನು ನೋಡುವುದು? ಮೂಡಲ ದಿಕ್ಕಿನ ಬಾವಿಗಳು ಬತ್ತಿ, ಒಳಗೆ ಪಾರಿವಾಳ ಮೊಟ್ಟೆ ಇಟ್ಟು ಎಷ್ಟೋ ಕಾಲವಾಗಿತ್ತು. ಪಡುವಲವರು ಎಲ್ಲರೂ ಜೊತೆಯಾದವರೇ. ದಿಬ್ಬದ ಈ ಕಡೆ ಒಂದು, ಆ ಕಡೆ ಒಂದು, ಅವರನ್ನು ಬಿಟ್ಟರೆ ನೀರಿರುವ ಬಾವಿಗಳೆಂದರೆ ನಮ್ಮವೇ ಎರಡು.

ಆ ತನಕ ಬಾಯಿ ಬಿಡದೆ ಕೂತಿದ್ದ ಹುಡುಗನ ತಾಯಿ ಕದಿರಮ್ಮ ಆಗ ಸೆರಗು ಸರಿಮಾಡಿಕೊಂಡು ಹೇಳಿದಳು: "ಮದ್ವೆ ಮಾಡಿ. ಹೊಲದ ಇಚಾರ ನಂಗೆ ಬಿಡ್ರಿ."

ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಮದುವೆಯಾಯಿತು. ಮೊದಲ ಸಲ ನೀರು ಕಟ್ಟುವ ದಿನ ಅರ್ಧ ಊರು ನಮ್ಮ ಬದುವಿನ ಮೇಲಿತ್ತು. ಕಾಲುವೆಯ ಕಸಕಡ್ಡಿಯನ್ನು ಮುಂದೆ ತಳ್ಳಿಕೊಂಡು ನೀರು ಬಂದು ಮೊದಲ ಮಡಿಯ ಬಾಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಮಣ್ಣು ಕುಡಿಯುವಾಗ ಆಗುವ ಸಣ್ಣ ಚುರುಚುರು ಸದ್ದು ಕೇಳಿಸಿತು. ಮಡಿ ಕಪ್ಪಾಗುತ್ತಾ ಹೋಯಿತು. "ಏನಪ್ಪಾ ಪಾತಲಿಂಗಪ್ಪ, ನಿಮಗೆ ಮಾತ್ರ ಭೂಮ್ತಾಯಿ ರಿಯಾಯ್ತಿ ಕೊಟ್ಟವ್ಳೆ," ಎಂದು ಗಿಡ್ಡಪ್ಪ ನಕ್ಕ. ದಿಬ್ಬದ ಆಚೆ ಅವರ ಹೊಲವೂ ಹೀಗೇ ನೆನೆಯಿತೆಂದು ಸುದ್ದಿ ಬಂತು. ನಾನು ಬಂದವರಿಗೆಲ್ಲ ಬೆಲ್ಲದ ಪಾನಕ ಮಾಡಿ ಕೊಟ್ಟೆ. ಎರಡು ಮನೆ ಒಂದಾದರೂ ನೀರು ಇಳಿದಿದೆ ಎಂದು ನಾವೆಲ್ಲ ಹಿಗ್ಗಿದೆವು. ಎರಡು ಮನೆ ಒಂದಾಗಿಲ್ಲ, ಅದಕ್ಕೇ ಇಳಿದಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಗೌರಿ ಹಬ್ಬಕ್ಕೆ ವನಜ ತೌರಿಗೆ ಬಂದಳು. ಬಂದವಳು ಚೀಲ ಇಟ್ಟು, ಕಾಲು ತೊಳೆದು, ಪಡಸಾಲೆಯ ಚಾಪೆಯ ಮೇಲೆ ಕೂತಳು. ಕೂತೇ ಇದ್ದಳು. ನಾನು ಅಡುಗೆಮನೆಯಿಂದ, "ಏನೇ, ಬಾರೇ ಒಳಗೆ. ಹುರುಳಿ ಸಾರು ಐತೆ, ಹಾಕ್ಕೊಂಡು ಉಣ್ಣು," ಎಂದು ಕೂಗಿದ ಮೇಲೆ ಎದ್ದು ಬಂದಳು. ಗಡಿಗೆಯ ಮುಚ್ಚಳದ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದಳು. ಮೊದಲು ಹಾಗಿರಲಿಲ್ಲ. ಸ್ಕೂಲಿಂದ ಬಂದವಳೇ ಮುಚ್ಚಳ ಎತ್ತೆಸೆದು, "ಇದೇನಮ್ಮ, ಉಪ್ಪೇ ಇಲ್ಲ," ಎಂದು ನನ್ನ ಕೈಲಿ ಬಯ್ಸಿಕೊಂಡು ಉಣ್ಣುವ ಹುಡುಗಿ.

ಮಧ್ಯಾಹ್ನ ತಲೆ ಬಾಚುತ್ತಾ ಕೇಳಿದೆ. "ನಿಮ್ಮತ್ತೆ ಹೆಂಗೆ ನೋಡ್ಕೋತಾರೆ?"

"ಚೆನ್ನಾಗಿ ನೋಡ್ಕೋತಾರೆ."

"ಮತ್ತೆ?"

"ಅಲ್ಲಿ ನನ್ನ ಯಾರೂ ಬಯ್ಯಲ್ಲಮ್ಮ," ಎಂದಳು.

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಒಂದೊಂದಾಗಿ ಹೇಳಿದಳು. ಅತ್ತೆ ಅವಳನ್ನು 'ನೀವು' ಎನ್ನುತ್ತಾರೆ. ಕಸಪೊರಕೆ ಹಿಡಿದರೆ ಕಿತ್ತುಕೊಂಡು "ನೀವು ಕೂತ್ಕೊಳ್ಳಿ" ಎನ್ನುತ್ತಾರೆ. ಎಲ್ಲರಿಗಿಂತ ಮೊದಲು ಅವಳಿಗೆ ತಟ್ಟೆ ಇಡುತ್ತಾರೆ, ನೆಂಟರಿಗೆಂದು ಅಟ್ಟದ ಮೇಲೆ ಇಟ್ಟಿದ್ದ ತಟ್ಟೆಯನ್ನು. ಒಲೆಯ ಹತ್ತಿರ ಹೋಗುವ ಮೊದಲೇ ಬೇಕಾದ್ದು ಮುಂದೆ ಬಂದಿರುತ್ತದೆ. ಹೊರಗೆ ಹೊರಟರೆ "ಹೋಗ್ಬರ್ತೀರಾ? ಬನ್ನಿ ಮತ್ತೆ" ಎಂದು ಬಾಗಿಲ ತನಕ ಬಂದು ಕಳಿಸುತ್ತಾರೆ. ರಂಗಧಾಮ ಒಳ್ಳೆಯವನು, ಆದರೆ "ಅಮ್ಮ ಹೇಳವ್ಳೆ, ಸ್ವಲ್ಪ ದಿನ" ಎಂದು ನೆಲ ನೋಡುತ್ತಾನೆ. ಊರಿನ ಸೊಸೆಯರೆಲ್ಲ ಬಾವಿಕಟ್ಟೆಯಲ್ಲಿ, "ನಿಂಗೇನವ್ವಾ, ರಾಣಿ ವೈಭೋಗ. ನಿಮ್ಮತ್ತೇನ ಒಂದು ದಿನ ನಮಗೂ ಕಳಿಸು," ಎನ್ನುತ್ತಾರಂತೆ.

"ಒಂದು ಸಲ ಬೇಕೂಂತ್ಲೇ ಹಾಲು ಉಕ್ಕಿಸಿದೆ ಅಮ್ಮ," ಎಂದಳು ವನಜ. "ಬಯ್ತಾರೇನೋ ಅಂತ. 'ಪರವಾಗಿಲ್ಲ ಬಿಡಿ' ಅಂದ್ರು."

ಮಾರನೇ ವಾರ ನಾನೇ ಅವರ ಮನೆಗೆ ಹೋದೆ. ಕದಿರಮ್ಮ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಹೆಸರು ಹಿಡಿದೇ ಮಾತು.

"ಕದಿರಮ್ಮ, ನನ್ನ ಮಗಳನ್ನ ಒಂದು ಸಲ ಬಯ್ದುಬಿಡು," ಎಂದೆ.

ಅವಳು ತಲೆ ಎತ್ತಲಿಲ್ಲ. "ಏನು ಕಮ್ಮಿ ಮಾಡಿದ್ದೀನಿ ಹೇಳು, ಪಾಲಮ್ಮ."

"ಏನೂ ಕಮ್ಮಿ ಮಾಡಿಲ್ಲ. ಅದೇ ಆಗಿರೋದು."

"ನಂಗೆ ಬಾಯಿ ಇಲ್ಲ ಅಂತ ಅಂದ್ಕೊಂಡ್ಯಾ?" ಎಂದಳು. ಅವರೆ ಸಿಪ್ಪೆಯನ್ನು ಬುಟ್ಟಿಗೆ ಹಾಕುವ ಬದಲು ಕಾಳಿನ ಮೊರಕ್ಕೇ ಹಾಕುತ್ತಿದ್ದಳು. "ಮೊನ್ನೆ ಹಾಲು ಉಕ್ಕಿಸಿದ್ಲು. 'ಎಲ್ಲಿಟ್ಟಿದ್ದೀಯೇ ಜ್ಞಾನ, ಮುಂಡೇದೇ' ಅಂತ ತುದಿ ನಾಲಿಗೆ ತನಕ ಬಂತು. ಕಚ್ಕೊಂಡೆ. ಅವಳಿಗೆ ಜಡೆ ಹಾಕ್ಬೇಕು ಅಂತ ಕೈ ತುರಿಸ್ತದೆ, ಎಂಥ ಕೂದಲು ಅದು. ಕೈ ಕಟ್ಕೊಂಡು ಕೂತಿದ್ದೀನಿ. ಯಾಕೆ ಅಂತ ನಿಂಗೆ ಗೊತ್ತಿಲ್ವಾ? ನಿನ್ನ ಹೊಲದಾಗೆ ಈರುಳ್ಳಿ ಗಡ್ಡೆ ಕಟ್ತಾ ಐತೆ. ನಾನು ಅವಳನ್ನ ಒಂದು ಸಲ ನನ್ನ ಮಗಳೂಂತ ಬಯ್ದ ದಿನ ನಿನ್ನ ಈರುಳ್ಳೀನೂ ಹೋಯ್ತು, ನನ್ನ ಕಡಲೆಕಾಯೀನೂ ಹೋಯ್ತು. ಈ ಬೆಳೆ ಒಂದು ಕೈಗೆ ಬರ್ಲಿ, ಪಾಲಮ್ಮ. ಆಮೇಲೆ ಬಯ್ತೀನಿ. ಹೊಟ್ಟೆ ತುಂಬಾ ಬಯ್ತೀನಿ."

ನಿಜಕ್ಕೂ ನಮ್ಮ ಹೊಲದಲ್ಲಿ ಗಡ್ಡೆ ಕಟ್ಟುವ ಕಾಲ, ಒಂದು ನೀರು ತಪ್ಪಿದರೂ ಹೋಯಿತು. ಮೊರದಿಂದ ಸಿಪ್ಪೆ ಆರಿಸಿ ಕೊಟ್ಟು ಮನೆಗೆ ಬಂದೆ.

ಆ ಬೆಳೆ ಕೈಗೆ ಬಂತು. ಅದರ ಹಿಂದೆ ಇನ್ನೊಂದು ಇತ್ತು. ಹೊಲ ಎಂದರೆ ಹಾಗೇ ತಾನೇ, ಒಂದು ಕೊಯ್ಯುವಷ್ಟರಲ್ಲಿ ಇನ್ನೊಂದರ ಸಸಿ ಮಡಿ ಎದ್ದಿರುತ್ತದೆ. ಕದಿರಮ್ಮನ 'ಆಮೇಲೆ' ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ನಮ್ಮೆರಡು ಮನೆಗಳ ಬೆಳೆಯನ್ನು ನೋಡಲು ಸುತ್ತಲಿನವರು ಬರತೊಡಗಿದರು. ಒಂದು ಮಡಿಯಿದ್ದಲ್ಲಿ ಎರಡಾಯಿತು, ಹುರುಳಿ ಚೆಲ್ಲುತ್ತಿದ್ದ ದಿಣ್ಣೆ ನೆಲಕ್ಕೂ ಕಾಲುವೆ ಏರಿತು. ಗಂಡಸರು ಮೋಟಾರು ಬದಲಿಸಿ ದೊಡ್ಡದು ತಂದರು. ಪೈಪು ಇನ್ನಷ್ಟು ಆಳಕ್ಕೆ ಇಳಿಸಿದರು. ಬಾವಿಯ ತಳದಲ್ಲಿ ನಾಲ್ಕು ಕಡೆಗೆ ಅಡ್ಡಬೋರು ಹೊಡೆಸಿದರು. ಬಗ್ಗಿದರೆ ನೀರು ಸಿಗುವಂತಿದ್ದ ಕಾಲ ಹೋಗಿ, ಕಲ್ಲು ಹಾಕಿ ಸದ್ದಿಗೆ ಕಾಯುವ ಕಾಲ ಬಂತು. "ಇಳೀತಾ ಐತೆ," ಎಂದು ನಮ್ಮ ಮನೆಯವರು ಒಮ್ಮೊಮ್ಮೆ ಅನ್ನುತ್ತಿದ್ದರು. ಹೊಲದಲ್ಲಿ ನೀರು ಇಳಿಯುತ್ತಿದ್ದದ್ದೊಂದೇ ನಾವು ನೋಡುತ್ತಿದ್ದೆವು. ಬಾವಿಯಲ್ಲಿ ಇಳಿಯುತ್ತಿದ್ದದ್ದನ್ನು ನೋಡಲು ಯಾರಿಗೂ ಬಿಡುವಿರಲಿಲ್ಲ.

ವನಜ ಆ ಮನೆಯಲ್ಲಿ ನೆಂಟಳಾಗಿರುವುದನ್ನು ಚೆನ್ನಾಗಿ ಕಲಿತುಬಿಟ್ಟಳು. ಮೊದಮೊದಲು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದವಳು ಆಮೇಲೆ ನಿಲ್ಲಲಿಲ್ಲ. ಕರೆದಾಗ ಬಂದು ಉಂಡು, "ಚೆನ್ನಾಗಿತ್ತು" ಎಂದು ಹೇಳಿ ಎದ್ದುಹೋಗುತ್ತಿದ್ದಳು. ಹಾಲು ಉಕ್ಕಿಸಲಿಲ್ಲ. ನನ್ನ ಮನೆಗೆ ಬಂದಾಗಲೂ ಒಳ್ಳೆಯ ಸೀರೆ ಉಟ್ಟೇ ಬರುತ್ತಿದ್ದಳು, ಬಾಳೆಹಣ್ಣು ಹೂವು ಹಿಡಿದುಕೊಂಡು. ನಾನು ಬೇಕೆಂದೇ ಸಣ್ಣಪುಟ್ಟದ್ದಕ್ಕೆ ಬಯ್ಯುತ್ತಿದ್ದೆ. ನಗುತ್ತಿದ್ದಳು, ಅಷ್ಟೆ. ಅಳಿಯ ಎಲ್ಲಿದ್ದರೂ ನೆಂಟನೇ, ರಂಗಧಾಮನನ್ನು ಹಾಗೆ ನೋಡಿಕೊಳ್ಳಲು ನಾವೇನೂ ಕಷ್ಟಪಡಬೇಕಿರಲಿಲ್ಲ. ಒಂದು ಹೆಣ್ಣನ್ನು, ಅದೂ ಮನೆತನಕ್ಕೆ ಬಂದವಳನ್ನು, ದಿನದಿನವೂ ಬಾಗಿಲಾಚೆ ಇಟ್ಟು ಸಾಕುವುದು ಎಷ್ಟು ಕಷ್ಟವೋ ಕದಿರಮ್ಮನಿಗೇ ಗೊತ್ತು. ಅವಳ ಕೂದಲು ಆ ಎರಡು ಮೂರು ವರ್ಷಗಳಲ್ಲೇ ಬೆಳ್ಳಗಾಯಿತು.

ಮದುವೆಯಾಗಿ ಮೂರನೇ ಬೇಸಿಗೆಯಲ್ಲಿ ಅವರ ಬಾವಿಯ ಮೋಟಾರು ಒಂದು ದಿನ ಬೆಳಿಗ್ಗೆ ನೀರು ಬಿಟ್ಟು ಗಾಳಿ ಎಳೆಯಿತು. ನಿಲ್ಲಿಸಿ ಕಾದು ಮತ್ತೆ ಹಾಕಿದರು. ಸ್ವಲ್ಪ ಕೆಸರು ಉಗುಳಿ ಮತ್ತೆ ಗಾಳಿ. ಹುಣ್ಣಿಮೆ ಕಳೆಯುವಷ್ಟರಲ್ಲಿ ನಮ್ಮದೂ ಅದೇ ಹಾದಿ ಹಿಡಿಯಿತು. ಗಂಡಸರು ಹಗ್ಗ ಕಟ್ಟಿ ಮೋಟಾರುಗಳನ್ನು ಮೇಲಕ್ಕೆ ಎಳೆದು ಚೀಲ ಮುಚ್ಚಿಟ್ಟರು. ಹೊಲಗಳನ್ನು ಹಾಗೇ ಬಿಟ್ಟೆವು. ಕುಡಿಯುವುದಕ್ಕೆ ಊರಿನ ಟ್ಯಾಂಕರು ಬರುತ್ತಿತ್ತು. "ಇನ್ನು ಮಣ್ಣಿಗೆ ಬುದ್ಧಿ ಇದ್ದರೆಷ್ಟು, ಬಿಟ್ಟರೆಷ್ಟು," ಎಂದರು ಹನುಮಂತರಾಯಪ್ಪನವರು. ಆ ಸಲ ಅದು ತಮಾಷೆಯ ಹಾಗೆ ಕೇಳಿಸಲಿಲ್ಲ.

ಅದೇ ವಾರ ವನಜ ಬಂದಳು. "ಅತ್ತೆ ಇವತ್ತು ನನ್ನ ಬಯ್ದರು," ಎಂದಳು.

ನಾನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟೆ. "ಏನಂದ್ಲು?"

"'ಏನೇ ವನಜಾ, ಇಷ್ಟು ಹೊತ್ತಾದ್ರೂ ಒಲೆ ಹಚ್ಚಿಲ್ವಲ್ಲೇ, ಸೋಮಾರಿ' ಅಂದ್ರು. ನಾನು ಒಲೆ ಹಚ್ಚಿದೆ. ಅವರು ಬಂದು ಪಕ್ಕದಲ್ಲಿ ಕೂತ್ಕೊಂಡ್ರು. ತಲೆ ಮುಟ್ಟಿದ್ರು. 'ಇವತ್ತಿಂದ ನೀನೇ ಎಲ್ಲಾ ನೋಡ್ಕೋ, ನಿಂದೇ ಮನೆ' ಅಂದ್ರು."

"ನಿಂಗೆ ಹೆಂಗನ್ನಿಸ್ತು?"

ವನಜ ಯೋಚಿಸಿದಳು. ಅವಳಿಗೆ ಸುಳ್ಳು ಹೇಳುವುದು ಗೊತ್ತಿಲ್ಲ. "ಬೇರೆಯವರ ಮನೆಗೆ ಹೋದಾಗ ಅವರ ಯಜಮಾನಿ ಬಯ್ದ ಹಾಗೆ ಆಯ್ತಮ್ಮ. ಎದ್ದು ಬಂದುಬಿಡೋಣ ಅನ್ನಿಸ್ತು. ಪಾಪ, ಅವರು ಅಳ್ತಾ ಇದ್ರು. ಅದಕ್ಕೆ ಕೂತಿದ್ದೆ."

ಒಂದು ತಿಂಗಳು ಕದಿರಮ್ಮ ಬಿಡದೆ ಸೊಸೆಯನ್ನು ಬಯ್ದಳು, ತಲೆ ಬಾಚಿದಳು, ಅಡುಗೆಮನೆ ಬಿಟ್ಟುಕೊಟ್ಟು ಜಗುಲಿಯ ಮೇಲೆ ಕೂತಳು. ವನಜ ಹೇಳಿದ್ದನ್ನೆಲ್ಲ ಮಾಡಿ ಮುಗಿಸಿ, ಬಡಿಸಿ, ತಾನು ಮಾತ್ರ ಕರೆಯುವ ತನಕ ಉಣ್ಣದೆ ಪಡಸಾಲೆಯಲ್ಲಿ ಕೂತಿರುತ್ತಿದ್ದಳಂತೆ. ಇದನ್ನು ರಂಗಧಾಮನೇ ಬಂದು ನನಗೆ ಹೇಳಿದ. "ಏನು ಮಾಡ್ಲಿ ಅತ್ತೆ?" ಎಂದು ಕೇಳಿದ.

ಒಂದು ಬೆಳಿಗ್ಗೆ ಕದಿರಮ್ಮ ನಮ್ಮನೆಗೆ ಬಂದಳು. ಸೊಂಟದಲ್ಲಿ ಖಾಲಿ ಕೊಡ, ಹಿಂದೆ ವನಜ.

"ಬಾವಿ ತಳದಾಗೆ ಮೂಲೇಲಿ ಒಂದು ಸೆಲೆ ಇನ್ನೂ ಜಿನುಗ್ತದೆ," ಎಂದಳು. "ಒಂದು ಕೊಡ ಆಗ್ತದೆ. ನಿನ್ನ ಹೊಲಕ್ಕೆ ಹಾಕ್ತೀನಿ. ನೀನೂ ಬಾ. ನಂಗೆ ನೋಡ್ಬೇಕು."

ಅವರ ಬಾವಿಗೆ ಹೋದೆವು. ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ, ಕೆಳಗಿನವು ನಾವು ಯಾರೂ ಎಂದೂ ಕಾಣದವು. ಅಷ್ಟು ವರ್ಷ ನೀರಿನಡಿ ಇದ್ದವುಗಳ ಪಾಚಿ ಒಣಗಿ ಸುಲಿಯುತ್ತಿತ್ತು. ಕದಿರಮ್ಮ ಗೋಡೆ ಹಿಡಿದುಕೊಂಡು ಒಬ್ಬಳೇ ಇಳಿದಳು. ಕೆಳಗೆ ಚೊಂಬಿನಿಂದ ಗೋರಿ ಗೋರಿ ಕೊಡಕ್ಕೆ ತುಂಬುವ ಸದ್ದು ಬಹಳ ಹೊತ್ತು ಬಂತು. ಹತ್ತಿ ಬಂದಾಗ ಉಸಿರು ಸಿಕ್ಕಿಕೊಂಡಿತ್ತು. ವನಜ ಕೊಡಕ್ಕೆ ಕೈ ಚಾಚಿದಳು. "ಬೇಡ, ನಾನೇ," ಎಂದು ಒಣಗಿದ ಕಾಲುವೆಯೊಳಗೇ ನಡೆದಳು. ದಿಬ್ಬ ಹತ್ತಿ ಇಳಿದು ನಮ್ಮ ಹೊಲದ ಮೊದಲ ಮಡಿಯ ಬಾಯಲ್ಲಿ ನಿಂತಳು. ನೆಲ ಬಿರುಕು ಬಿಟ್ಟು, ಮೇಲೆ ಹಿಟ್ಟಿನಂಥ ಧೂಳು ಕೂತಿತ್ತು.

"ದೇವರೇ, ಇಳೀದೇ ಇರ್ಲಿ," ಎಂದು ಅವಳು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಹೊಲದಲ್ಲಿ ನಿಂತು ಯಾರೂ ಬೇಡಿಕೊಳ್ಳದ ಮಾತು ಅದು. ನಾನೂ ಅದನ್ನೇ ಬೇಡಿಕೊಂಡೆ.

ಕೊಡ ಬಗ್ಗಿಸಿದಳು. ನೀರು ಧೂಳಿನ ಮೇಲೆ ಬಿದ್ದು ಉಂಡೆಯಾಯಿತು. ಒಂದು, ಎರಡು, ನಾಲ್ಕು ಉಂಡೆ, ಮೈಯೆಲ್ಲ ಧೂಳು ಹಚ್ಚಿಕೊಂಡು ನೆಲಕ್ಕೆ ಅಂಟದೆ ಅತ್ತಿತ್ತ ಉರುಳಿದವು. ಕದಿರಮ್ಮ ನನ್ನ ಮೊಣಕೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. ಅವಳ ಮುಖ ನೋಡಿದೆ. ಮದುವಣಗಿತ್ತಿಯ ಮುಖದ ಹಾಗಿತ್ತು. ನಾನು ಮಗಳ ಕಡೆ ತಿರುಗಿದೆ. ಅವಳೂ ಬಗ್ಗಿ ನೋಡುತ್ತಿದ್ದಳು, ತುಟಿ ಸ್ವಲ್ಪ ತೆರೆದಿತ್ತು.

ಆಮೇಲೆ ಚುರುಚುರು ಸದ್ದಾಯಿತು. ಮೇಲಿನ ಧೂಳು ನೆನೆದು ದಾರಿ ಬಿಟ್ಟಿತು. ಉಂಡೆಗಳು ಒಂದೊಂದಾಗಿ ಕುಸಿದವು. ಕೊಡದಲ್ಲಿದ್ದ ಅಷ್ಟೂ ನೀರನ್ನು ಮಣ್ಣು ಸಲೀಸಾಗಿ ಕುಡಿದು, ಚಾಪೆಯಗಲ ಕಪ್ಪಗಾಗಿ ಸುಮ್ಮನಾಯಿತು.

ಕದಿರಮ್ಮ ಖಾಲಿ ಕೊಡವನ್ನು ಎದೆಗೆ ಒತ್ತಿಕೊಂಡು ಆ ಜಾಗವನ್ನೇ ನೋಡುತ್ತಾ ನಿಂತಳು. "ಒಂದು ಕೊಡದಾಗೆ ಏನು ಗೊತ್ತಾಗ್ತದೆ," ಎಂದಳು ಕೊನೆಗೆ. "ಇನ್ನೊಂದು ತರ್ತೀನಿ. ಅಷ್ಟೊತ್ತಿಗೆ ಜಿನುಗಿರ್ತದೆ. ಸರಿಯಾಗಿ ನೋಡಾಣ."

ವನಜ ಮುಂದೆ ಬಂದು ಎರಡೂ ಕೈಯಿಂದ ಕೊಡ ಹಿಡಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಬಿಡಿ ಅತ್ತೆ, ಸಾಕು," ಎಂದಳು. "ಈ ಬಿಸಿಲಲ್ಲಿ ನಿಮಗ್ಯಾಕೆ ತೊಂದರೆ."

ಕದಿರಮ್ಮ ಕೊಡ ಬಿಡಲಿಲ್ಲ. ಇವಳೂ ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡೇ ನಿಂತಿದ್ದರು.